ಗೂಢಚಾರ ಸಿನೆಮಾದ ಖಳನನ್ನು ನೋಡಿ ಸರಿಯಾಗಿ ನಗುವುದು ಹೇಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಹಳೆಯ ಜೇಮ್ಸ್ ಬಾಂಡ್ ಸಿನೆಮಾ ಹಾಕಿದರೆ ನಮ್ಮಲ್ಲಿ ಹೆಚ್ಚಿನವರು ನಾಯಕನನ್ನು ನೋಡುತ್ತಾರೆ, ಕಾರು ನೋಡುತ್ತಾರೆ, ಉಳಿದದ್ದನ್ನು ಓಡಿಸಿಬಿಡುತ್ತಾರೆ. ಹಾಗೆ ಓಡಿಸುವ ಭಾಗದಲ್ಲೇ ಅಸಲಿ ಗಮ್ಮತ್ತು ಇರುವುದು. ಬೋಳುತಲೆಯ ಒಬ್ಬ ಗೃಹಸ್ಥ, ಮಡಿಲಲ್ಲಿ ಬಿಳಿ ಬೆಕ್ಕು, ಸುತ್ತ ಸಾಲಾಗಿ ನಿಂತ ಯೂನಿಫಾರ್ಮಿನ ಆಳುಗಳು, ಕೈಯಲ್ಲಿ ಜಗತ್ತನ್ನು ನಡುಗಿಸುವ ಯೋಜನೆ. ನಗಿಸಬೇಕೆಂಬ ಉದ್ದೇಶ ಅವನಿಗೆ ಎಳ್ಳಷ್ಟೂ ಇಲ್ಲ. ನಗು ಬರುವುದೇ ಅದರಿಂದ.

ಆದರೆ ಗೇಲಿ ಮಾಡಲೆಂದೇ ಸೊಂಟ ಕಟ್ಟಿ ಕೂತವರಿಗೆ ಹತ್ತು ನಿಮಿಷದಲ್ಲಿ ಆಕಳಿಕೆ ಬರುತ್ತದೆ. ‘ಎಂಥ ಬೊಗಳೆ’ ಎಂದು ಒಮ್ಮೆ ಹೇಳಿದ ಮೇಲೆ ಹೇಳಲು ಮತ್ತೇನೂ ಉಳಿಯುವುದಿಲ್ಲ. ಕ್ರಮ ಬೇರೆ ಉಂಟು. ಖಳ ತನಗೆ ತಾನು ಕೊಟ್ಟುಕೊಂಡ ಮರ್ಯಾದೆಯನ್ನು ನೀವೂ ಅವನಿಗೆ ಪೂರ್ತಿ ಕೊಡಿ. ಅವನ ಯೋಜನೆಯನ್ನು ನಂಬಿ. ನಂಬಿದ ಮೇಲೆ ಕೂತು ಅದರ ಲೆಕ್ಕ ಬರೆಯಿರಿ. ಎರಡು ಪುಟ ಬರೆಯುವಷ್ಟರಲ್ಲಿ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ.

ಈ ಕೆಲಸಕ್ಕೆ ಮಂಗಳೂರು–ಉಡುಪಿಯವರಿಗೆ ಇರುವ ಅನುಕೂಲ ಬೇರೆ ಊರಿನವರಿಗಿಲ್ಲ ಎಂದು ನನ್ನ ವಾದ. ನಮ್ಮದು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಕಣ್ಣು, ರಕ್ಕಸನ ಪ್ರವೇಶ ಹೇಗಿರಬೇಕೆಂದು ಬಲ್ಲದು. ಅದರ ಮೇಲೆ ನಮ್ಮದು ಬ್ಯಾಂಕುಗಳನ್ನು ಹೆತ್ತ ಜಿಲ್ಲೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಇವುಗಳಲ್ಲಿ ಮೂರರ ಹೆಸರು ವಿಲೀನದಲ್ಲಿ ಹೋಯಿತು, ಬುದ್ಧಿ ಹೋಗಿಲ್ಲ. ಜ್ವಾಲಾಮುಖಿಯೊಳಗೆ ರಾಕೆಟ್ ನಿಲ್ದಾಣ ಕಂಡರೆ ಬೇರೆಯವರು ‘ಅಬ್ಬಾ’ ಎನ್ನುತ್ತಾರೆ, ನಮ್ಮವರು ‘ಲೋನ್ ಯಾರು ಕೊಟ್ಟದ್ದು’ ಎಂದು ಕೇಳುತ್ತಾರೆ.

ಹಂತ 1: ಸಿನೆಮಾ ಆರಿಸುವುದು

ನಗಿಸಲೆಂದೇ ಮಾಡಿದ್ದನ್ನು ಮೊದಲು ಬದಿಗಿಡಿ. 1997ರ ‘ಆಸ್ಟಿನ್ ಪವರ್ಸ್’ನ ಡಾಕ್ಟರ್ ಈವಿಲ್ ಒಳ್ಳೆಯ ತಮಾಷೆಯೇ, ಆದರೆ ನಾವು ಮಾಡಬೇಕಾದ ಕೆಲಸವನ್ನು ಅವನೇ ಮಾಡಿ ಮುಗಿಸಿರುತ್ತಾನೆ. ನಮಗೆ ಬೇಕಾದದ್ದು ತನ್ನ ತಮಾಷೆ ತನಗೇ ಗೊತ್ತಿಲ್ಲದ ಖಳ. ಅಂಥವರ ಬೆಳೆ ಹುಲುಸಾಗಿ ಬಂದದ್ದು 1962ರಿಂದ 1985ರ ವರೆಗೆ.

ಆರಿಸುವಾಗ ನಟನನ್ನು ನೋಡಿ, ಕಥೆಯನ್ನಲ್ಲ. ‘ಡಾಕ್ಟರ್ ನೋ’ದಲ್ಲಿ (1962) ಜೋಸೆಫ್ ವೈಸ್‌ಮನ್, ‘ಯೂ ಓನ್ಲಿ ಲಿವ್ ಟ್ವೈಸ್’ನಲ್ಲಿ (1967) ಡೊನಾಲ್ಡ್ ಪ್ಲೆಸೆನ್ಸ್, ‘ಮೂನ್‌ರೇಕರ್’ನಲ್ಲಿ (1979) ಮೈಕೆಲ್ ಲೊನ್ಸ್‌ಡೇಲ್. ಮೂವರೂ ಪಾತ್ರವನ್ನು ದೇವರ ಕೆಲಸದಂತೆ ಮಾಡಿದ್ದಾರೆ, ಕ್ಯಾಮರಾಕ್ಕೆ ಒಂದು ಕಣ್ಣು ಸಹ ಹೊಡೆದಿಲ್ಲ. ‘ಗೋಲ್ಡ್‌ಫಿಂಗರ್’ನ (1964) ಗೆರ್ಟ್ ಫ್ರೋಬೆ ಜರ್ಮನ್ ನಟ. ಅವರ ಇಂಗ್ಲಿಷ್ ಸಾಲದೆಂದು ಮೈಕೆಲ್ ಕಾಲಿನ್ಸ್ ಎಂಬ ಇನ್ನೊಬ್ಬ ನಟನಿಂದ ಧ್ವನಿ ಕೊಡಿಸಿದರು. ಗೊತ್ತಾದ ಮೇಲೆ ತುಟಿಯನ್ನೇ ನೋಡುತ್ತಾ ಕೂತರೆ ಅದೊಂದು ಬೇರೆಯೇ ಸುಖ. 1971ರ ‘ಡೈಮಂಡ್ಸ್ ಆರ್ ಫಾರ್ ಎವರ್’ನ ಚಾರ್ಲ್ಸ್ ಗ್ರೇಗೆ ಮಾತ್ರ ನಾನು ಅರ್ಧ ಅಂಕ ಕಳೆಯುತ್ತೇನೆ. ಅವರಿಗೆ ತಮಾಷೆ ಸ್ವಲ್ಪ ಗೊತ್ತಾಗಿಬಿಟ್ಟಿದೆ.

ಬ್ಲೋಫೆಲ್ಡ್ ಎಂಬ ಒಂದೇ ಖಳನನ್ನು 1967ರಲ್ಲಿ ಪ್ಲೆಸೆನ್ಸ್, 1969ರಲ್ಲಿ ಟೆಲ್ಲಿ ಸವಾಲಸ್, 1971ರಲ್ಲಿ ಗ್ರೇ ಮಾಡಿದರು. ಮೂರು ಮುಖ, ಮೂರು ಮೈಕಟ್ಟು, ಗ್ರೇಗೆ ತಲೆಯ ಮೇಲೆ ಕೂದಲು ಸಹ ಉಂಟು. ಹೊರಗಿನವರಿಗೆ ಇದು ಗೊಂದಲ. ನಮಗೆಂತ? ಒಂದೇ ರಾತ್ರಿಯ ಆಟದಲ್ಲಿ ಒಂದೇ ಪಾತ್ರಕ್ಕೆ ಮೊದಲು ಒಬ್ಬ ಕಲಾವಿದ, ನಡುರಾತ್ರಿ ದಾಟಿದ ಮೇಲೆ ಇನ್ನೊಬ್ಬ ಬರುವುದನ್ನು ನೋಡಿದವರು ನಾವು. ಆದರೆ 1967ರಲ್ಲಿ ಬಾಂಡನನ್ನು ಎದುರೆದುರು ಕೂರಿಸಿ ಮಾತಾಡಿದ ಬ್ಲೋಫೆಲ್ಡ್‌ಗೆ 1969ರಲ್ಲಿ ಅದೇ ಬಾಂಡ್ ಒಂದು ಕನ್ನಡಕ ಹಾಕಿ ಬಂದರೆ ಗುರುತೇ ಸಿಗದಿರುವುದು, ನಟ ಬದಲಾದದ್ದಕ್ಕೆ ಖಳನಿಗೂ ಗೌರವ ಇದ್ದ ಹಾಗೆ ಕಾಣುತ್ತದೆ.

ಹಂತ 2: ಕೂರುವ ವ್ಯವಸ್ಥೆ

ಹೆಚ್ಚು ಜನ ಬೇಡ. ನಾಲ್ಕೈದು ಮಂದಿ ಸಾಕು. ಅದರಲ್ಲಿ ಒಬ್ಬರಾದರೂ ಈ ಸಿನೆಮಾಗಳನ್ನು ನೋಡದ, ಮನೆ ನಡೆಸಿ ಅನುಭವ ಇರುವ ಹಿರಿಯರಾಗಿರಲಿ. ಎಲ್ಲರಿಗಿಂತ ಮುಖ್ಯ ವೀಕ್ಷಕರು ಅವರೇ. ನಮ್ಮ ಮನೆಯಲ್ಲಿ ಆ ಸ್ಥಾನ ದೊಡ್ಡಮ್ಮನದು. ಜ್ವಾಲಾಮುಖಿಯ ಅಡ್ಡೆ ಪರದೆಯ ಮೇಲೆ ಬಂದಾಗ ನಾವೆಲ್ಲ ರಾಕೆಟ್ ನೋಡುತ್ತಿದ್ದರೆ ಅವರು ಕೇಳಿದ್ದು: “ಅಲ್ಲ ಮಾರಾಯ, ಅಷ್ಟು ದೊಡ್ಡ ಗುಹೆ ಗುಡಿಸುವುದು ಯಾರು? ಒಬ್ಬಳೇ ಒಬ್ಬಳು ಹೆಂಗಸು ಕಾಣುವುದಿಲ್ಲ, ನೆಲ ಮಾತ್ರ ಫಳಫಳ ಹೊಳೆಯುತ್ತದೆ.” ಇಂಥ ಪ್ರಶ್ನೆ ಕೇಳುವವರು ಕೋಣೆಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ತಿಂಡಿಗೆ ಗೋಳಿಬಜೆ, ಚಾ. ಹಲಸಿನ ಹಪ್ಪಳ ಬೇಡ. ಕಾರಣ ಉಂಟು: ಖಳರು ಬೊಬ್ಬೆ ಹೊಡೆಯುವುದು ಕಡಿಮೆ, ಅತಿ ಭಯಂಕರ ಮಾತನ್ನೆಲ್ಲ ಅವರು ಪಿಸುಗುಟ್ಟುವುದು. ಅದೇ ಹೊತ್ತಿಗೆ ಯಾರಾದರೂ ಹಪ್ಪಳ ಮುರಿದರೆ ಮಾತು ಹೋಯಿತು. ಸಬ್‌ಟೈಟಲ್ ಹಾಕಿಡಿ. ಮಳೆಗಾಲವಾದರೆ ಇನ್ವರ್ಟರ್ ನೋಡಿಕೊಳ್ಳಿ. ಖಳ ಸ್ವಿಚ್ ಒತ್ತುವ ಕ್ಷಣಕ್ಕೇ ಕರೆಂಟ್ ಹೋದರೆ ಅದೂ ಒಂದು ಮಜವೇ, ಆದರೆ ಸಿನೆಮಾದ ಲೆಕ್ಕಕ್ಕೆ ಸೇರದು.

ಒಂದು ನಿಯಮ ಕಡ್ಡಾಯ: ಖಳ ಮಾತಾಡುವಾಗ ಯಾರೂ ಮಾತಾಡಬಾರದು. ಮಾತು ಮುಗಿದ ಮೇಲೆ ನಿಲ್ಲಿಸಿ, ಆಮೇಲೆ ಚರ್ಚೆ.

ಹಂತ 3: ಒಡ್ಡೋಲಗವನ್ನು ಒಡ್ಡೋಲಗದಂತೆಯೇ ನೋಡುವುದು

ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಕ್ಕಸ ಪಾತ್ರ, ಒಡ್ಡೋಲಗ ಕೊಟ್ಟು ರಂಗಕ್ಕೆ ಬರುವ ಕ್ರಮ ನೆನಪಿಸಿಕೊಳ್ಳಿ. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಕಾಣುವುದು ಕಿರೀಟದ ತುದಿ, ಕೈಬೆರಳು. ಆರ್ಭಟೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಚೆಂಡೆ ಏರುತ್ತದೆ. ‘ದೇವಿ ಮಹಾತ್ಮೆ’ಯ ಮಹಿಷಾಸುರನಂತೂ ಸಭೆಯ ಹಿಂಬದಿಯಿಂದ ದೊಂದಿಯ ಬೆಂಕಿಯ ನಡುವೆ ಬರುತ್ತಾನೆ, ಮಕ್ಕಳು ಎದ್ದು ಅಮ್ಮನ ಮಡಿಲು ಸೇರುತ್ತಾರೆ.

ಬಾಂಡ್ ಸಿನೆಮಾದವರೂ ಇದನ್ನೇ ಮಾಡಿದರು, ಚೆಂಡೆ ಮಾತ್ರ ಇಲ್ಲ. 1963ರ ‘ಫ್ರಮ್ ರಷ್ಯಾ ವಿದ್ ಲವ್’ನಲ್ಲಿಯೂ 1965ರ ‘ಥಂಡರ್‌ಬಾಲ್’ನಲ್ಲಿಯೂ ಬ್ಲೋಫೆಲ್ಡ್‌ನ ಮುಖ ತೋರಿಸಲೇ ಇಲ್ಲ. ಒಂದು ಕೈ, ಒಂದು ಉಂಗುರ, ಒಂದು ಬೆಕ್ಕು. 1963ರ ಸಿನೆಮಾದ ಹೆಸರುಪಟ್ಟಿಯಲ್ಲಿ ಆ ಪಾತ್ರಧಾರಿಯ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ದೇಹ ಒಬ್ಬರದು, ಧ್ವನಿ ಇನ್ನೊಬ್ಬರದು. ಇಷ್ಟೆಲ್ಲ ಕಾಯಿಸಿ 1967ರಲ್ಲಿ ಕುರ್ಚಿ ತಿರುಗಿದಾಗ ಕಂಡದ್ದು, ಗಾಯದ ಗುರುತಿನ ಕೆಳಗೆ ಒಬ್ಬ ಗಿಡ್ಡ, ಮೆತ್ತನೆಯ, ಕಣ್ಣು ಅಗಲಿಸಿದ ಮನುಷ್ಯ.

ಪ್ರವೇಶದ ಮೇಲೆ ಪರಿಚಯ. ಆಟದಲ್ಲಿ ವೇಷ ‘ಬಲ್ಲಿರೇನಯ್ಯಾ’ ಎಂದು ಶುರು ಮಾಡಿ ತಾನು ಯಾರು, ಯಾವ ಪಟ್ಟಣಕ್ಕೆ ಅರಸ, ಬಂದ ಕಾರಣವೇನು ಎಲ್ಲವನ್ನೂ ಭಾಗವತರಿಗೆ ಹೇಳುತ್ತದೆ. ಭಾಗವತರಿಗೆ ಹೇಳಿದರೆ ತೊಂದರೆ ಇಲ್ಲ, ಅವರು ಹೋಗಿ ದೇವೇಂದ್ರನಿಗೆ ಚಾಡಿ ಹೇಳುವವರಲ್ಲ. ಗೂಢಚಾರ ಸಿನೆಮಾದ ಖಳನಿಗೆ ಭಾಗವತರಿಲ್ಲ. ಅವನು ತನ್ನ ವಿಳಾಸ, ಬಂಡವಾಳ, ಮುಹೂರ್ತ ಎಲ್ಲವನ್ನೂ ಒಪ್ಪಿಸುವುದು ನೇರ ಗೂಢಚಾರನಿಗೆ. ಪ್ರತಿ ಖಳನೂ ಯಾಕೆ ಹೀಗೆ ಬಾಯಿಬಿಡುತ್ತಾನೆಂದು ತಲೆಕೆಡಿಸಿಕೊಳ್ಳುವವರಿಗೆ ನನ್ನ ಉತ್ತರ ಇದೇ: ಅವನಿಗೆ ಮಾತಾಡಲು ಬೇರೆ ಜನ ಇಲ್ಲ ಮಾರಾಯ್ರೆ.

‘ಡಾಕ್ಟರ್ ನೋ’ದ ಊಟದ ಮನೆಯನ್ನು ಈ ಹಂತದಲ್ಲಿ ಬಿಡಬೇಡಿ. ಸಮುದ್ರದ ಅಡಿ, ಗೋಡೆಯಿಡೀ ಗಾಜು, ಅದರಾಚೆ ದೈತ್ಯ ಮೀನುಗಳು. ಚಿತ್ರತಂಡಕ್ಕೆ ಸಿಕ್ಕಿದ ಮೀನಿನ ದೃಶ್ಯಗಳು ಸಣ್ಣ ಮೀನನ್ನು ಹತ್ತಿರದಿಂದ ತೆಗೆದವು, ಪರದೆಯ ಮೇಲೆ ಅವು ಅಸಾಧ್ಯ ದೊಡ್ಡದಾಗಿ ಕಂಡವು. ಏನು ಮಾಡುವುದು? ಗಾಜೇ ಭೂತಗನ್ನಡಿಯಂತೆ ದೊಡ್ಡದು ಮಾಡಿ ತೋರಿಸುತ್ತದೆಂದು ಖಳನ ಬಾಯಲ್ಲೇ ಒಂದು ಮಾತು ಸೇರಿಸಿದರು. ಕೋಟಿಗಟ್ಟಲೆ ಸುರಿದು ಸಮುದ್ರದ ಕೆಳಗೆ ಮನೆ ಕಟ್ಟಿಸಿ, ಮೀನು ಸಣ್ಣದಾಯಿತೆಂದು ದಪ್ಪ ಗಾಜು ಹಾಕಿಸಿದ ಮನುಷ್ಯ! ಮಲ್ಪೆಯ ದಕ್ಕೆಯಲ್ಲಿ ಇವನಿಗೆ ಅಂಜಲ್ ಮಾರುವುದು ಬಹಳ ಸುಲಭ. ಅದೇ ಮನೆಯ ಮೆಟ್ಟಿಲ ಬಳಿ ಗೋಯಾ ಬರೆದ ವೆಲಿಂಗ್ಟನ್ ದೊರೆಯ ಚಿತ್ರ ಇಟ್ಟಿದ್ದಾರೆ. 1961ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಿಂದ ನಿಜವಾಗಿ ಕಳುವಾಗಿದ್ದ ಚಿತ್ರ ಅದು. ಆ ಕಾಲದ ಪ್ರೇಕ್ಷಕರಿಗೆ ‘ಓಹೋ, ಕದ್ದದ್ದು ಇವನಾ’ ಎಂದು ಗೊತ್ತಾಗಲಿ ಎಂಬ ಕುಶಾಲು. ಇದು ಬೇಕೆಂದೇ ಮಾಡಿದ್ದು, ಆದ್ದರಿಂದ ಅಂಕ ಕೊಡಬೇಡಿ.

ಹಂತ 4: ಲೆಕ್ಕ ಬರೆಯುವುದು

ಮಾರ್ಗದರ್ಶಿಯ ಹೊಟ್ಟೆ ಇದು. ಒಂದು ನೋಟ್‌ಬುಕ್ ತೆಗೆದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಖರ್ಚು, ಬಲಕ್ಕೆ ಆದಾಯ. ಖಳ ಬಾಯಲ್ಲಿ ಹೇಳಿದ ಅಂಕಿಯನ್ನು ಹೇಳಿದ ಹಾಗೆಯೇ ಬರೆಯಿರಿ, ನಿಮ್ಮ ಕುಹಕ ಬೇಡ. ಅಂಕಿಗಳೇ ಮುಂದಿನ ಕೆಲಸ ನೋಡಿಕೊಳ್ಳುತ್ತವೆ.

ಗೋಲ್ಡ್‌ಫಿಂಗರನಿಂದ ಶುರು ಮಾಡಿ. ಫೋರ್ಟ್ ನಾಕ್ಸ್‌ನಲ್ಲಿರುವ ಅಮೆರಿಕದ ಚಿನ್ನಕ್ಕೆ ವಿಕಿರಣ ತಗಲಿಸಿ 58 ವರ್ಷ ಯಾರೂ ಮುಟ್ಟದ ಹಾಗೆ ಮಾಡುವುದು, ಆಗ ತನ್ನಲ್ಲಿರುವ ಚಿನ್ನದ ಬೆಲೆ ಏರುವುದು. ಖಳರ ಯೋಜನೆಗಳಲ್ಲಿ ಇದು ನಿಜಕ್ಕೂ ಬುದ್ಧಿವಂತ ಯೋಜನೆ, ಒಪ್ಪಬೇಕು. ಆದರೆ ಅದನ್ನು ಅವನು ನಡೆಸುವ ರೀತಿ ನೋಡಿ. ಸಾಮಾನು ಸಾಗಿಸಿಕೊಟ್ಟ ಅಮೆರಿಕದ ರೌಡಿಗಳಿಗೆ ತಲಾ 10 ಲಕ್ಷ ಡಾಲರ್ ಕೊಡಬೇಕು. ಅವರನ್ನೆಲ್ಲ ಕರೆಸುತ್ತಾನೆ. ಬಿಲಿಯರ್ಡ್ಸ್ ಮೇಜು ಮಗುಚಿ ಕಂಟ್ರೋಲ್ ಪ್ಯಾನೆಲ್ ಆಗುತ್ತದೆ, ಗೋಡೆ ಸರಿಯುತ್ತದೆ, ನೆಲದಡಿಯಿಂದ ಫೋರ್ಟ್ ನಾಕ್ಸ್‌ನ ಪೂರ್ತಿ ಮಾದರಿ ಮೇಲೆದ್ದು ಬರುತ್ತದೆ. ಕೋಲು ಹಿಡಿದು ಯೋಜನೆಯನ್ನು ಇಂಚಿಂಚಾಗಿ ವಿವರಿಸುತ್ತಾನೆ. ಆಮೇಲೆ ಬಾಗಿಲು ಮುಚ್ಚಿಸಿ ಅಷ್ಟೂ ಮಂದಿಯನ್ನು ವಿಷಾನಿಲ ಬಿಟ್ಟು ಕೊಲ್ಲಿಸುತ್ತಾನೆ! ಕೊಲ್ಲುವುದೇ ಆದರೆ ಮಾದರಿ ಯಾಕೆ? ಆಚಾರಿಗೆ ಕೊಟ್ಟ ಮಜೂರಿ, ಮೇಜು ಮಗುಚುವ ಮೋಟರ್, ಎಲ್ಲ ಖರ್ಚಿನ ಕಡೆ ಬರೆಯಿರಿ.

ಇನ್ನೂ ಉಂಟು. ಸೋಲೋ ಎಂಬ ಒಬ್ಬ ರೌಡಿ ಮಾತ್ರ ‘ನನಗೆ ನನ್ನ ದುಡ್ಡು ಕೊಡಿ, ಹೋಗುತ್ತೇನೆ’ ಎನ್ನುತ್ತಾನೆ. ಅವನಿಗೆ 10 ಲಕ್ಷ ಡಾಲರಿನ ಚಿನ್ನವನ್ನು ಕಾರಿನ ಡಿಕ್ಕಿಗೆ ತುಂಬಿಸಿ ಕಳಿಸುತ್ತಾರೆ. ದಾರಿಯಲ್ಲಿ ಗುಂಡು ಹೊಡೆದು, ಹೆಣ ಚಿನ್ನ ಎಲ್ಲ ಸೇರಿದ ಕಾರನ್ನು ಗುಜರಿಯ ಯಂತ್ರದಲ್ಲಿ ಹಿಂಡಿ ಒಂದು ಉಂಡೆ ಮಾಡಿ, ಸಣ್ಣ ಪಿಕಪ್ ಗಾಡಿಯ ಹಿಂದೆ ಇಟ್ಟು ವಾಪಸ್ ತರುತ್ತಾರೆ. ಈಗ ಗೋಲ್ಡ್‌ಫಿಂಗರ್ ಉಂಡೆಯಿಂದ ಚಿನ್ನ ಬೇರೆ ಮಾಡಿಸಬೇಕು. ಮನೆಯಲ್ಲೇ ಅನಿಲ ಬಿಡುವ ಕೋಣೆ ತಯಾರಿದ್ದ ಮನುಷ್ಯ ಇವನು!

ಇಲ್ಲಿ ಸ್ವಲ್ಪ ಗಣಿತ. ಆಗ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್. 10 ಲಕ್ಷ ಡಾಲರಿಗೆ ಸುಮಾರು 28,571 ಔನ್ಸ್. ಚಿನ್ನದ ಔನ್ಸೆಂದರೆ 31.1 ಗ್ರಾಂ, ಅಂದರೆ ಹತ್ತಿರ ಹತ್ತಿರ 890 ಕಿಲೋ. ಡಿಕ್ಕಿಯಲ್ಲಿ 890 ಕಿಲೋ ಇಟ್ಟುಕೊಂಡು ಆ ಕಾರು ಹಂಪನಕಟ್ಟೆಯ ಸಿಗ್ನಲ್ ದಾಟಿದ ಹಾಗೆ ಆರಾಮವಾಗಿ ಹೋಗುತ್ತದೆ. ಆಮೇಲೆ ಕಾರಿನ ಭಾರವೂ ಸೇರಿದ ಉಂಡೆಯನ್ನು ಹೊತ್ತ ಪಿಕಪ್ ಒಂದು ಚೂರೂ ತಗ್ಗುವುದಿಲ್ಲ. ಮುರಕಲ್ಲಿನ ಲೋಡ್ ಹೊತ್ತ ಲಾರಿ ಗುರುಪುರದ ಏರಿನಲ್ಲಿ ಹೇಗೆ ಏದುತ್ತದೆಂದು ಗೊತ್ತಿರುವವರು ಇಲ್ಲಿ ಸಿನೆಮಾ ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಬೇಕು.

ಅಂದಹಾಗೆ 1964ಕ್ಕೆ 58 ಸೇರಿಸಿದರೆ 2022. ವಿಕಿರಣದ ಅವಧಿ ಮುಗಿಯಿತು, ಗಿರವಿ ಬಿಡಿಸಿಕೊಳ್ಳಬಹುದಿತ್ತು.

ಮುಂದಿನ ಪುಟ ಬ್ಲೋಫೆಲ್ಡ್‌ನದು, 1967. ಅಮೆರಿಕ, ರಷ್ಯಾಗಳ ಆಕಾಶನೌಕೆಗಳನ್ನು ತನ್ನ ರಾಕೆಟಿನಿಂದ ನುಂಗಿಸಿ ಇಬ್ಬರ ನಡುವೆ ಯುದ್ಧ ಹಚ್ಚುವುದು. ಗಿರಾಕಿಗಳಿಂದ ಅವನು ಕೇಳುವ ಹಣ 10 ಕೋಟಿ ಡಾಲರ್, ಚಿನ್ನದ ರೂಪದಲ್ಲಿ, ಬ್ಯೂನಸ್ ಐರಿಸ್‌ನ ಖಾತೆಗೆ. ಆದಾಯ ಬರೆದಾಯಿತು. ಖರ್ಚು? ಆ ಕಾಲದ ಅಮೆರಿಕದ ಜೆಮಿನಿ ಆಕಾಶನೌಕೆಗಳ ಯೋಜನೆಗೇ ಒಟ್ಟು ಸುಮಾರು 130 ಕೋಟಿ ಡಾಲರ್ ಬಿದ್ದಿತ್ತು. ಅದೂ ಜ್ವಾಲಾಮುಖಿಯ ಬಾಬ್ತು ಬಿಟ್ಟು. ಅಡ್ಡೆಯ ಸೆಟ್ ಹಾಕಿದ ಕೆನ್ ಆ್ಯಡಮ್‌ಗೆ ಪೈನ್‌ವುಡ್ ಸ್ಟುಡಿಯೋದಲ್ಲಿ ತಗಲಿದ ಖರ್ಚೇ ಸುಮಾರು 10 ಲಕ್ಷ ಡಾಲರ್, ಅಂದರೆ ಐದು ವರ್ಷ ಹಿಂದೆ ‘ಡಾಕ್ಟರ್ ನೋ’ ಇಡೀ ಸಿನೆಮಾಕ್ಕೆ ತಗಲಿದಷ್ಟು.

ಇದಕ್ಕಿಂತ ಮಜದ ವಿಷಯ ಬೇರೆ. ಬ್ಲೋಫೆಲ್ಡ್‌ನ ರಾಕೆಟ್ ಹೋಗಿ ಕೆಲಸ ಮುಗಿಸಿ, ಬಾಲ ಕೆಳಗೆ ಮಾಡಿ ನೆಟ್ಟಗೆ ಜ್ವಾಲಾಮುಖಿಯ ಬಾಯೊಳಗೆ ವಾಪಸ್ ಇಳಿಯುತ್ತದೆ. ಕಕ್ಷೆಗೆ ಹೊರೆ ಕಳಿಸಿದ ರಾಕೆಟಿನ ಕೆಳಭಾಗವನ್ನು ಹೀಗೆ ನೆಟ್ಟಗೆ ನೆಲಕ್ಕಿಳಿಸಲು ಸ್ಪೇಸ್‌ಎಕ್ಸ್‌ನವರಿಗೆ ಸಾಧ್ಯವಾದದ್ದು 2015ರ ಡಿಸೆಂಬರಿನಲ್ಲಿ. ಅಂದರೆ ಈ ಮನುಷ್ಯನ ಕೈಯಲ್ಲಿ 48 ವರ್ಷ ಮುಂದಿನ ತಂತ್ರಜ್ಞಾನ ಇತ್ತು. ಬೋರ್ಡು ಹಾಕಿ ಬಾಡಿಗೆಗೆ ಬಿಟ್ಟಿದ್ದರೆ ಅಮೆರಿಕ, ರಷ್ಯಾ ಎರಡೂ ಬಾಗಿಲಲ್ಲಿ ಕ್ಯೂ ನಿಲ್ಲುತ್ತಿದ್ದವು. ನನಗೆ ಈ ಖಳರಲ್ಲಿ ಅತಿ ಹೆಚ್ಚು ನಗು ತರಿಸುವುದು ಇದು. ಹೆಚ್ಚಿನವರಿಗೆ ಅಪರಾಧದ ಅಗತ್ಯವೇ ಇಲ್ಲ. ಮರ್ಯಾದೆಯಿಂದ ವ್ಯಾಪಾರ ಮಾಡಿದ್ದರೆ ಕೈತುಂಬ ಲಾಭ ಇತ್ತು.

1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ನಲ್ಲಿ ಬ್ಲೋಫೆಲ್ಡ್ ಹಣ ಕೇಳುವುದನ್ನೂ ಬಿಟ್ಟ. ಬೆಳೆ, ಜಾನುವಾರುಗಳ ಸಂತಾನಶಕ್ತಿಯನ್ನೇ ಅಳಿಸುವ ರೋಗಾಣು ಬಿಡುತ್ತೇನೆಂದು ಇಡೀ ಜಗತ್ತನ್ನು ಹೆದರಿಸುತ್ತಾನೆ. ಬೇಡಿಕೆ ಎರಡು: ಹಳೆಯ ಕೇಸೆಲ್ಲ ಮಾಫಿ, ಮತ್ತೆ ತಾನು ಒಂದು ಹಳೇ ಕುಲೀನ ಮನೆತನದ ಕೌಂಟ್ ಎಂದು ಒಪ್ಪಿಗೆ. ಕಿವಿಯ ಹಾಲೆ ಇಲ್ಲದಿರುವುದು ಆ ವಂಶದ ಲಕ್ಷಣವೆಂದು ಕಿವಿಯನ್ನೂ ಹಾಗೆ ಮಾಡಿಸಿಕೊಂಡಿದ್ದಾನೆ. ವಂಶವೃಕ್ಷದ ಸರ್ಟಿಫಿಕೇಟಿಗೆ ಅಫಿಡವಿಟ್ ಮಾಡಿಸಿ ನಾಡಕಚೇರಿಗೆ ಹೋಗುವವರು ನಾವು. ಇವನು ಆಲ್ಪ್ಸ್ ಪರ್ವತದ ತುದಿಯಲ್ಲಿ ಪ್ರಯೋಗಾಲಯ ತೆರೆದ.

ಹಂತ 5: ಕಣ್ಣನ್ನು ಖಳನಿಂದ ಸರಿಸಿ ಸುತ್ತಲಿನವರ ಮೇಲಿಡುವುದು

ಎರಡನೆಯ ಸಲ ನೋಡುವಾಗ ಖಳನನ್ನು ನೋಡಲೇ ಬೇಡಿ. ಅವನ ಮಡಿಲ ಬೆಕ್ಕು ನೋಡಿ. 1967ರ ಸಿನೆಮಾದ ಕೊನೆಯಲ್ಲಿ ಅಡ್ಡೆಯಲ್ಲಿ ಸ್ಫೋಟಗಳಾಗುವಾಗ ಪ್ಲೆಸೆನ್ಸ್ ಮುಖದ ಒಂದು ಸ್ನಾಯು ಅಲುಗಿಸದೆ ನಿಂತಿದ್ದಾರೆ. ಬೆಕ್ಕಿಗೆ ಅದು ಸಿನೆಮಾ ಎಂದು ಯಾರೂ ಹೇಳಿಲ್ಲ. ಕಣ್ಣು ಬಟ್ಟಲಾಗಿದೆ, ಕಿವಿ ಹಿಂದಕ್ಕೆ ಹೋಗಿದೆ, ಕೈಯಿಂದ ಬಿಡಿಸಿಕೊಂಡು ಓಡಲು ಒದ್ದಾಡುತ್ತಿದೆ, ಜಗದೇಕ ಖಳನ ಬೆರಳುಗಳು ಅದನ್ನು ಬಿಗಿಯಾಗಿ ಅವುಚಿ ಹಿಡಿದಿವೆ. ಪಾಪದ ಪ್ರಾಣಿ. ಆ ದೃಶ್ಯದಲ್ಲಿ ಸರಿಯಾಗಿ ವರ್ತಿಸಿದ್ದು ಅದೊಂದೇ.

ಮತ್ತೆ ನೌಕರರು. 1965ರ ‘ಥಂಡರ್‌ಬಾಲ್’ನಲ್ಲಿ ಬ್ಲೋಫೆಲ್ಡ್ ಅಧ್ಯಕ್ಷನಾಗಿರುವ ಕಳ್ಳಕೂಟದ ಸಭೆ ಈ ವಿಭಾಗಕ್ಕೆ ಮುಕುಟ. ಉದ್ದ ಕೋಣೆ, ಎರಡು ಸಾಲು ಕುರ್ಚಿ, ಸಂಖ್ಯೆಗಳಿಂದ ಕರೆಯಲ್ಪಡುವ ಸದಸ್ಯರು ಒಬ್ಬೊಬ್ಬರಾಗಿ ವರ್ಷದ ಲೆಕ್ಕ ಒಪ್ಪಿಸುತ್ತಾರೆ. ನಮ್ಮ ಸೊಸೈಟಿಯ ಮಹಾಸಭೆಗೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಬ್ರಿಟನ್ನಿನ ರೈಲು ದರೋಡೆಗೆ ಸಲಹೆ ಕೊಟ್ಟ ಬಾಬ್ತು ಎರಡೂವರೆ ಲಕ್ಷ ಪೌಂಡ್ ಎಂದು ಒಬ್ಬ ಓದುತ್ತಾನೆ. 1963ರ ಆ ದರೋಡೆಯಲ್ಲಿ ಹೋದದ್ದು ಸುಮಾರು 26 ಲಕ್ಷ ಪೌಂಡ್, ಹತ್ತಕ್ಕೊಂದು ಕಮಿಷನ್, ನ್ಯಾಯವಾದ ದರವೇ. ಅಷ್ಟರಲ್ಲಿ ಒಂದು ಬಾಬ್ತಿನಲ್ಲಿ ಮೊತ್ತ ಕಡಿಮೆ ಬರುತ್ತದೆ. ಅಧ್ಯಕ್ಷರು ಒಂದು ಸ್ವಿಚ್ ಒತ್ತುತ್ತಾರೆ, ಹಣ ನುಂಗಿದ 9ನೇ ನಂಬರಿನವ ಕುರ್ಚಿಯಲ್ಲೇ ವಿದ್ಯುತ್ ತಗಲಿ ಸಾಯುತ್ತಾನೆ, ಕುರ್ಚಿ ನೆಲದೊಳಗೆ ಇಳಿಯುತ್ತದೆ, ಖಾಲಿಯಾಗಿ ಮೇಲೆ ಬರುತ್ತದೆ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಪಕ್ಕದ ಕುರ್ಚಿಯವರ ಮುಖ ನೋಡಿ. ‘ನನ್ನ ಕುರ್ಚಿಗೂ ವಯರಿಂಗ್ ಉಂಟಾ’ ಎಂದು ಒಬ್ಬನಾದರೂ ಬಗ್ಗಿ ನೋಡಬೇಕಲ್ಲ? ಇಲ್ಲ. ಮನೆಮನೆಗೆ ಹೋಗಿ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರು ಮಾಡಿದ ಉಡುಪಿಯಲ್ಲಿ ಎಷ್ಟೋ ಏಜೆಂಟರ ಲೆಕ್ಕ ನಾಲ್ಕಾಣೆ ತಪ್ಪಿರಬಹುದು. ಯಾರನ್ನೂ ನೆಲದೊಳಗೆ ಇಳಿಸಿದ್ದು ಕೇಳಿಲ್ಲ.

ಹಿಂದಿಯಲ್ಲಿ ಈ ವಿಭಾಗದ ಬಹುಮಾನ 1987ರ ‘ಮಿಸ್ಟರ್ ಇಂಡಿಯಾ’ಕ್ಕೆ. ಅಮರೀಶ್ ಪುರಿಯವರ ಮೊಗಾಂಬೋ ಅಪ್ಪಣೆ ಕೊಟ್ಟರೆ ಆಳುಗಳು ಜೈಕಾರ ಹಾಕುತ್ತಾ ಕುದಿಯುವ ಆಸಿಡ್ಡಿಗೆ ಹಾರುತ್ತಾರೆ, ಅದೂ ಅತಿಥಿಗೆ ನಿಷ್ಠೆ ತೋರಿಸಲು. ತರಬೇತಿ ಕೊಟ್ಟ ಜನ ಹೀಗೆ ಖಾಲಿಯಾದರೆ ಮರುದಿನದ ಪಾಳಿಗೆ ಯಾರು? 1980ರ ‘ಶಾನ್’ನ ಶಾಕಾಲ್, ಕುಲಭೂಷಣ್ ಖರಬಂದಾ ಮಾಡಿದ್ದು, ಬೋಳುತಲೆ ದ್ವೀಪ ಎರಡನ್ನೂ ಬ್ಲೋಫೆಲ್ಡ್‌ನಿಂದ ತಂದ, ಬೆಕ್ಕು ತರಲಿಲ್ಲ. ನನ್ನ ಮಟ್ಟಿಗೆ ಅದೊಂದು ಕೊರತೆ.

ಹಂತ 6: ಖಳನನ್ನು ಊರಿಗೆ ತರುವುದು

ನಡುವೆ ಚಾಕ್ಕೆ ಎದ್ದಾಗ ಈ ಅಭ್ಯಾಸ ಮಾಡಿ. ಖಳನ ಅಡ್ಡೆಯನ್ನು ನಮ್ಮ ಕಡೆ ಕಟ್ಟಿಸಿ ನೋಡುವುದು. ಜಾಗಕ್ಕೆ ಹುಡುಕಬೇಕಿಲ್ಲ. ಮಲ್ಪೆಯಿಂದ ಕಾಣುವ ಸೇಂಟ್ ಮೇರೀಸ್ ದ್ವೀಪ ಲಾವಾರಸದಿಂದಲೇ ಆದದ್ದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಕಂಬ ಜೋಡಿಸಿದಂಥ ಕಲ್ಲುಗಳು, ಸುತ್ತ ಸಮುದ್ರ, ಕೆನ್ ಆ್ಯಡಮ್ ಸಹ ಕೈಮುಗಿಯುವ ಜಾಗ.

ಈಗ ತೊಂದರೆಗಳನ್ನು ಪಟ್ಟಿ ಮಾಡಿ. ಭಾನುವಾರ ದೋಣಿ ತುಂಬ ಪ್ರವಾಸಿಗರು ಬಂದು ರಾಕೆಟಿನ ಎದುರು ಸೆಲ್ಫಿ ತೆಗೆಯುತ್ತಾರೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯೇ ಇಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, ಹಾಗಾಗಿ ಬೋಟಿನ ವೇಷದಲ್ಲಿ ಸಾಮಾನು ತರುವುದಕ್ಕೂ ಇಲ್ಲ. ನೂರಾರು ಆಳುಗಳಿಗೆ ಕುಚ್ಚಲಕ್ಕಿ ಎಲ್ಲಿಂದ? ಸುರತ್ಕಲ್ಲಿನ ಎಂಜಿನಿಯರ್ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡರೆ ನೇಮ, ಕೋಲ, ಜಾತ್ರೆ ಎಂದು ರಜೆ ಕೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ಗುಟ್ಟು. ನಮ್ಮಲ್ಲಿ ಒಂದು ಕಾಂಪೌಂಡ್ ಗೋಡೆಗೆ ನಾಲ್ಕು ಕಲ್ಲು ಇಳಿಸಿದರೆ ಸಂಜೆಯೊಳಗೆ ಮೂರು ಮನೆಯವರು ಬಂದು “ಎಂತ, ಮೇಲೆ ಮಹಡಿ ಏರಿಸುವ ಅಂದಾಜಾ?” ಎಂದು ಕೇಳಿ ಹೋಗುತ್ತಾರೆ. 1967ರ ಬ್ಲೋಫೆಲ್ಡ್ ಪಕ್ಕದಲ್ಲೇ ಮೀನುಗಾರರ ಹಳ್ಳಿ ಇಟ್ಟುಕೊಂಡು ಅಷ್ಟು ದೊಡ್ಡ ಬೆಟ್ಟವನ್ನು ಕೊರೆದ, ಒಬ್ಬರೂ ವಿಚಾರಿಸಲಿಲ್ಲ. ಜಪಾನಿನವರು ಬಹಳ ಸಂಕೋಚದ ಜನ ಇರಬೇಕು.

ಹಂತ 7: ಕೊಲ್ಲದೆ ಕಾಲಹರಣ

ಈ ಹಂತದಲ್ಲಿ ಗಡಿಯಾರ ಬೇಕು. ಬಾಂಡ್ ಕೈಗೆ ಸಿಕ್ಕಿದ ಕ್ಷಣದಿಂದ ತಪ್ಪಿಸಿಕೊಳ್ಳುವ ಕ್ಷಣದ ವರೆಗೆ ಎಷ್ಟು ನಿಮಿಷ, ಆ ಹೊತ್ತಿನಲ್ಲಿ ಖಳ ಏನೇನು ಮಾಡಿದ, ಬರೆಯುತ್ತಾ ಹೋಗಿ. 1967ರ ಕೊನೆಯ ಭಾಗದಲ್ಲಿ ಬ್ಲೋಫೆಲ್ಡ್ ಪಿಸ್ತೂಲು ಹಿಡಿದಿದ್ದಾನೆ, ಬಾಂಡ್ ಎದುರಿಗೇ ನಿರಾಯುಧನಾಗಿ ನಿಂತಿದ್ದಾನೆ. ಬ್ಲೋಫೆಲ್ಡ್ ಗುಂಡು ಹೊಡೆಯುತ್ತಾನೆ. ಯಾರಿಗೆ? ಕೆಲಸ ಕೆಡಿಸಿದ ತನ್ನದೇ ಮನುಷ್ಯ ಒಸಾಟೋಗೆ! ಸೋಲಿನ ಬೆಲೆ ಇದೆಂದು ಬಾಂಡನಿಗೆ ಪಾಠ ಬೇರೆ. ಆಮೇಲೆ ಬಾಂಡನ ಕಡೆ ತಿರುಗುವಷ್ಟರಲ್ಲಿ ಆಯುಧವೊಂದು ಹಾರಿ ಬಂದು ಕೈಗೆ ಬಡಿಯುತ್ತದೆ. ನೌಕರನ ಮೇಲಿನ ಶಿಸ್ತುಕ್ರಮವನ್ನು ಐದು ನಿಮಿಷ ಮುಂದೂಡಿದ್ದರೆ ಜಗತ್ತು ಅವನದಾಗಿತ್ತು.

‘ಗೋಲ್ಡ್‌ಫಿಂಗರ್’ನ ಲೇಸರ್ ಮೇಜು ಎಲ್ಲರಿಗೂ ಗೊತ್ತಿರುವುದೇ. ಲೇಸರ್ ಎಂಬುದು 1960ರಲ್ಲಷ್ಟೇ ಹುಟ್ಟಿತ್ತು, ಮೂಲ ಕಾದಂಬರಿಯಲ್ಲಿ ಇದ್ದದ್ದು ಗರಗಸ. ಹೊಸದೆಂಬ ಉಮೇದಿನಲ್ಲಿ ಬದಲಿಸಿದರು. ಚಿತ್ರೀಕರಣದಲ್ಲಿ ಲೇಸರ್ ಇರಲೇ ಇಲ್ಲ: ಮೇಜಿನಡಿ ಒಬ್ಬ ಮಲಗಿ ಗ್ಯಾಸ್ ಟಾರ್ಚಿನಿಂದ ಮೊದಲೇ ಸೀಳಿಟ್ಟ ಲೋಹವನ್ನು ಕೆಳಗಿನಿಂದ ಕರಗಿಸುತ್ತಾ ಬಂದ, ಕೆಂಪು ಕಿರಣವನ್ನು ಆಮೇಲೆ ಸೇರಿಸಿದರು. ಶಾನ್ ಕಾನರಿಯ ಹಣೆಯ ಬೆವರನ್ನು ಈ ಮಾಹಿತಿಯೊಂದಿಗೆ ಮತ್ತೆ ನೋಡಿ.

ಹಂತ 8: ಸಾವು

ಖಳ ಸತ್ತ ಮೇಲೆ ನಗುವುದು ಸಭ್ಯತೆಯಾ ಎಂದು ಕೇಳುವವರಿಗೆ 1973ರ ‘ಲಿವ್ ಆ್ಯಂಡ್ ಲೆಟ್ ಡೈ’ ತೋರಿಸಿ. ಯಾಫೆಟ್ ಕೊಟೊ ಎಂಬ ಸಮರ್ಥ ನಟ, ಸಿನೆಮಾಯಿಡೀ ಗತ್ತು. ಕೊನೆಗೆ ಗ್ಯಾಸಿನ ಗುಳಿಗೆ ನುಂಗಿ ಬಲೂನಿನಂತೆ ಉಬ್ಬಿ, ಛಾವಣಿಗೆ ಹಾರಿ, ಟಪ್ ಎಂದು ಒಡೆಯುತ್ತಾನೆ. ಆ ಗೊಂಬೆಯನ್ನು ನೋಡಿ ನಗದಿರಲು ಯೋಗಾಭ್ಯಾಸ ಬೇಕು.

1981ರ ‘ಫಾರ್ ಯುವರ್ ಐಸ್ ಓನ್ಲಿ’ಯ ಆರಂಭದಲ್ಲಿ ಗಾಲಿಕುರ್ಚಿಯ ಬೋಳುತಲೆಯವನೊಬ್ಬ ಬಿಳಿ ಬೆಕ್ಕಿನೊಂದಿಗೆ ಬರುತ್ತಾನೆ. ಪಾತ್ರದ ಹಕ್ಕಿನ ತಕರಾರಿದ್ದದ್ದರಿಂದ ಹೆಸರು ಹೇಳುವ ಹಾಗಿಲ್ಲ, ಆದರೆ ಯಾರೆಂದು ಹಾಲು ಕುಡಿವ ಮಗುವಿಗೂ ಗೊತ್ತು. ಬಾಂಡ್ ಅವನನ್ನು ಹೆಲಿಕಾಪ್ಟರಿನ ತುದಿಗೆ ಸಿಕ್ಕಿಸಿ ಕಾರ್ಖಾನೆಯ ಚಿಮಣಿಯ ಮೇಲೆ ತಂದಾಗ ಪ್ರಾಣಭಿಕ್ಷೆಗಾಗಿ ಅವನು ಕೊಡುವ ಆಮಿಷ ಏನು? ನಿನಗೊಂದು ತಿಂಡಿ ಸಾಮಾನಿನ ಅಂಗಡಿ ಹಾಕಿಸಿಕೊಡುತ್ತೇನೆ, ಅದೂ ಸ್ಟೇನ್‌ಲೆಸ್ ಸ್ಟೀಲಿನಲ್ಲಿ! ಯಾಕೆ, ಏನು ಎಂದು ಕೇಳಬೇಡಿ. ಉಡುಪಿ ಹೋಟೆಲಿನವರಿಗೆ ಮಾತ್ರ ಇದು ತೀರಾ ಕಳಪೆ ಆಮಿಷವಲ್ಲ ಎನ್ನಿಸಬಹುದು.

ಕನ್ನಡದಲ್ಲಿ ಈ ಬಗೆಯದ್ದು ಬೇಕೆನ್ನುವವರಿಗೆ

ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿದ ನಾಲ್ಕು ಸಿನೆಮಾಗಳಿವೆ: ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ಬಾಂಡ್ ಸಿನೆಮಾಗಳ ಹಣದ ಒಂದಂಶವೂ ಇಲ್ಲದೆ ಅದೇ ಠೀವಿ ತೋರಿಸಹೊರಟ ಉತ್ಸಾಹ ಅಲ್ಲಿದೆ. ಅದರ ಮೇಲೆ ನನಗೆ ನಗುವಿಗಿಂತ ಪ್ರೀತಿ ಹೆಚ್ಚು.

ವಜ್ರಮುನಿಯವರನ್ನು ಮಾತ್ರ ಈ ಆಟಕ್ಕೆ ಎಳೆಯಬೇಡಿ. ಅಬ್ಬರ ಅಲ್ಲಿಯೂ ಉಂಟು, ಆದರೆ ಎದೆ ನಡುಗುತ್ತದೆ. ಅವರ ಖಳರಿಗೆ ಬೇಕಾದದ್ದು ಪಕ್ಕದವನ ಗದ್ದೆ, ಊರಿನ ಯಜಮಾನಿಕೆ. ಅಂಥವರನ್ನು ನಾವು ಕಂಡಿದ್ದೇವೆ. ಊರು ಬೇಕೆನ್ನುವವನನ್ನು ಕಂಡರೆ ಹೆದರಿಕೆಯಾಗುತ್ತದೆ, ಜಗತ್ತೇ ಬೇಕೆನ್ನುವವನನ್ನು ಕಂಡರೆ ನಗು ಬರುತ್ತದೆ.

ಯಾವುದಕ್ಕೆ ನಗಬಾರದು

ಮುಖದ ಗಾಯಕ್ಕೆ, ಅಂಗವೈಕಲ್ಯಕ್ಕೆ. ಗಾಯದ ಮುಖವೆಂದರೆ ಕೆಟ್ಟವನೆಂದು ತೋರಿಸುವ ಸಿನೆಮಾಗಳಿಗೆ ಹಣ ಕೊಡುವುದಿಲ್ಲವೆಂದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಹೇಳಿತು. ಸರಿಯಾದ ಮಾತು. ಬಿಳಿಯ ನಟನಿಗೆ ಕಣ್ಣು ಎಳೆದು ಚೀನಾದವನ ವೇಷ ಕಟ್ಟಿದ್ದೂ ತಮಾಷೆಯಲ್ಲ. ಉದಯಪುರದಲ್ಲಿ ತೆಗೆದ ‘ಆಕ್ಟೋಪಸಿ’ಯಲ್ಲಿ (1983) ಭಾರತವೆಂದರೆ ಹಾವಾಡಿಗ, ಮೊಳೆಯ ಹಾಸಿಗೆ. ಅಲ್ಲಿ ನಗುವ ಬದಲು ಹಲ್ಲು ಕಚ್ಚಬಹುದು. ಆದರೆ ಅದೇ ಸಿನೆಮಾದಲ್ಲಿ ಹಾರುತ್ತಿರುವ ವಿಮಾನದ ಮೇಲೆ ಬಾಂಡ್ ಅಂಟಿಕೊಂಡಿದ್ದಾಗ ಧಣಿ ಕಮಲ್ ಖಾನ್ ‘ಹೊರಗೆ ಹೋಗಿ ಅವನನ್ನು ಹಿಡಿ’ ಎನ್ನುತ್ತಾನೆ. ಕಬೀರ್ ಬೇಡಿ ಮಾಡಿದ ಆಳು ಗೋಬಿಂದ ಸಿನೆಮಾದುದ್ದಕ್ಕೂ ಮಾತು ಕಡಿಮೆಯ ನಿಷ್ಠ. ಆಗ ಅವನ ಮುಖದ ಮೇಲೆ ಹಾದುಹೋಗುವ ಆ ಒಂದು ಅನುಮಾನಕ್ಕೆ ಮನಸಾರೆ ನಗಿ. ಸಂಬಳಕ್ಕೆ ದುಡಿಯುವ ಎಲ್ಲರ ಮುಖವೂ ಅದು.

ನೋಡುವ ಅನುಕ್ರಮ

ಮೊದಲು 1964ರ ‘ಗೋಲ್ಡ್‌ಫಿಂಗರ್’, ಲೆಕ್ಕ ಕಲಿಯಲು. ಆಮೇಲೆ 1967ರ ‘ಯೂ ಓನ್ಲಿ ಲಿವ್ ಟ್ವೈಸ್’, ಕಲಿತ ಲೆಕ್ಕ ಪ್ರಯೋಗಿಸಲು. 1965ರದ್ದರಲ್ಲಿ ಸಭೆ ಮುಗಿದ ಮೇಲೆ ನೀರಿನಡಿಯ ಜಗಳ ಬಹಳ ಉದ್ದ, ಅಷ್ಟು ಹೊತ್ತಿಗೆ ಚಾ ಮಾಡಬಹುದು. 1969ರದ್ದು ಸಿನೆಮಾವಾಗಿಯೂ ಚೆನ್ನಾಗಿದೆ, ನಡುವೆ ಲೆಕ್ಕ ಮರೆತುಹೋದರೆ ಚಿಂತೆಯಿಲ್ಲ. 1981ರದ್ದು ಮೊದಲ ಹತ್ತು ನಿಮಿಷ ಸಾಕು.

ಕೊನೆಗೆ 2015ರ ‘ಸ್ಪೆಕ್ಟರ್’ ಇಟ್ಟುಕೊಳ್ಳಿ. ಖಳರಿಗೆ ಬುದ್ಧಿ ಬಂತೆಂದು ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಅಪ್ಪಟ ಹಳೇ ಮಾಲು ವಾಪಸ್ ಬಂತು. ಬ್ಲೋಫೆಲ್ಡ್ ಇಷ್ಟೆಲ್ಲ ಮಾಡಿದ್ದು ಯಾಕೆಂದರೆ, ಅನಾಥ ಬಾಂಡನನ್ನು ಅವನ ಅಪ್ಪ ಮನೆಗೆ ತಂದು ಸಾಕಿದರು, ಪ್ರೀತಿ ಆ ಕಡೆ ಹೋಯಿತು. ಅದಕ್ಕೆ ಅಪ್ಪನನ್ನು ಕೊಂದು ಜಗತ್ತಿನಾದ್ಯಂತ ಕಳ್ಳಜಾಲ ಕಟ್ಟಿದ. ನಮ್ಮ ದೊಡ್ಡಮ್ಮ ಇದನ್ನು ಪೂರ್ತಿ ಕೇಳಿಸಿಕೊಂಡು, “ಸೋದರಮಾವನ ಆಸ್ತಿ ಅಳಿಯನಿಗೆ ಬರುವ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಬೇಕಿತ್ತು ಅವ. ಅಪ್ಪ ಯಾರನ್ನು ಮುದ್ದು ಮಾಡಿದರೆ ಎಂತ, ಮಾವನ ಮನೆ ಹೇಗೂ ಇರ್ತಿತ್ತು” ಎಂದು ಹೇಳಿ ಗೋಳಿಬಜೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.